ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಸರ್ಜನ್ನರನ್ನು ಆರಿಸುವ ಬಗೆ

ಮಂಡಿಯೋ ಸೊಂಟದ ಕೀಲೋ ಸವೆದು, ಅದನ್ನು ಬದಲಿಸಬೇಕೆಂಬ ಮಾತು ಬಂದವರಿಗೆ ಇರುವ ದೊಡ್ಡ ಅನುಕೂಲವೆಂದರೆ ಸಮಯ. ಹೃದಯಾಘಾತವಾದಾಗ ಹತ್ತಿರದಲ್ಲಿ ಯಾರಿದ್ದಾರೋ ಅವರ ಕೈಗೆ ನಮ್ಮನ್ನು ಒಪ್ಪಿಸಬೇಕಾಗುತ್ತದೆ. ಇದು ಹಾಗಲ್ಲ. ಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿದುಕೊಂಡ ಸಂದರ್ಭವನ್ನು ಬಿಟ್ಟರೆ, ಇದು ದಿನ ಗೊತ್ತುಮಾಡಿಕೊಂಡು ಮಾಡಿಸಿಕೊಳ್ಳುವ ಆಪರೇಷನ್; ವಿಚಾರಿಸಲೆಂದು ಮೂರು ನಾಲ್ಕು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ಆದರೂ ಬಹಳಷ್ಟು ಜನ ಆ ಸಮಯವನ್ನೆಲ್ಲ ಯಾವ ಕಂಪನಿಯ ಕೀಲು, ಯಾವ ಆಸ್ಪತ್ರೆಯ ಕೊಠಡಿ ಎಂಬ ವಿಚಾರಕ್ಕೇ ಕಳೆದು, ಕೊನೆಗೆ ಆಪರೇಷನ್ ಮಾಡುವವರು ಯಾರು ಎಂಬುದನ್ನು ಮಾತ್ರ ಪರಿಚಯದವರೊಬ್ಬರ ಮಾತಿನ ಮೇಲೆ ತೀರ್ಮಾನಿಸಿಬಿಡುತ್ತಾರೆ.

ಕೀಲು ಅದೇ ಆದರೂ ಕೈ ಬೇರೆಯಾದರೆ ಫಲಿತಾಂಶ ಬೇರೆಯಾಗುತ್ತದೆ. ಮಂಡಿ ಬದಲಿಸುವಾಗ ತೊಡೆಮೂಳೆಯ ಕೆಳತುದಿಯಿಂದಲೂ ಕಣಕಾಲಿನ ಮೂಳೆಯ ಮೇಲ್ತುದಿಯಿಂದಲೂ ಒಂದು ಸೆಂಟಿಮೀಟರಿನ ಆಸುಪಾಸಿನ ಪದರವನ್ನು ಕತ್ತರಿಸಿ ತೆಗೆದು, ಅಲ್ಲಿ ಲೋಹದ ಹೊದಿಕೆಗಳನ್ನೂ ಅವುಗಳ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯನ್ನೂ ಕೂರಿಸುತ್ತಾರೆ. ಕತ್ತರಿಸಿದ್ದು ಓರೆಯಾದರೆ, ಅಥವಾ ಎರಡು ಪಕ್ಕದ ಅಸ್ಥಿರಜ್ಜುಗಳ ಬಿಗಿ ಸಮವಾಗದಿದ್ದರೆ, ಮಂಡಿ ಒಂದು ಬದಿಗೆ ವಾಲುತ್ತದೆ ಇಲ್ಲವೇ ಮಡಚಲು ಬಾರದಂತೆ ಹಿಡಿದುಕೊಳ್ಳುತ್ತದೆ. ಸೊಂಟದ ಕೃತಕ ಕೀಲೆಂದರೆ ಬಟ್ಟಲೊಂದರಲ್ಲಿ ತಿರುಗುವ ಚೆಂಡು; ಬಟ್ಟಲು ಕೂರಿಸುವ ಕೋನ ತಪ್ಪಿದರೆ ಚೆಂಡು ಅದರಿಂದ ಜಾರಿ ಹೊರಬರಬಹುದು. ಚೆಂಡನ್ನು ಹೊತ್ತು ತೊಡೆಮೂಳೆಯೊಳಗೆ ಇಳಿಯುವ ಲೋಹದ ಕಾಂಡದ ಆಳ ತಪ್ಪಿದರೆ ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗುತ್ತದೆ. ಇಂದಿನ ಸೊಂಟದ ಕೀಲಿನ ಮೂಲಮಾದರಿಯನ್ನು 1962ರ ಸುಮಾರಿಗೆ ಇಂಗ್ಲೆಂಡಿನ ರೈಟಿಂಗ್ಟನ್‌ನಲ್ಲಿ ರೂಪಿಸಿದ ಜಾನ್ ಚಾರ್ನ್ಲಿಗೆ ಇದು ಚೆನ್ನಾಗಿ ತಿಳಿದಿತ್ತು. ತನ್ನ ಬಳಿ ಬಂದು ವಿಧಾನವನ್ನು ಕಲಿತ ಸರ್ಜನ್ನರಿಗಷ್ಟೇ ಆ ಕೀಲನ್ನು ಮಾರಬೇಕೆಂದು ಆತ ಮೊದಲ ಕೆಲವು ವರ್ಷ ಪಟ್ಟು ಹಿಡಿದಿದ್ದರು.

ಮೊದಲು ನಿಮ್ಮ ಲೆಕ್ಕ

ಸರ್ಜನ್ನರ ಬಳಿ ಹೋಗುವ ಮುನ್ನ ನಿಮ್ಮ ತೊಂದರೆಯನ್ನು ನೀವೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಷ್ಟು ದೂರ ನಡೆದರೆ ನೋವು ಶುರುವಾಗುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ, ಕಾಲುಚೀಲ ಹಾಕಿಕೊಳ್ಳಲು ಬಗ್ಗಲಾಗುತ್ತದೆಯೇ, ದಿನಕ್ಕೆ ಎಷ್ಟು ನೋವಿನ ಮಾತ್ರೆ ನುಂಗುತ್ತಿದ್ದೀರಿ ಎಂಬುದೆಲ್ಲ ಅದರಲ್ಲಿರಲಿ. ಆಕ್ಸ್‌ಫರ್ಡ್ ಸ್ಕೋರ್ ಎಂಬ ಪ್ರಶ್ನಾವಳಿಯಲ್ಲೂ ಇಂಥವೇ ಹನ್ನೆರಡು ಪ್ರಶ್ನೆಗಳಿವೆ; ಮಂಡಿಗೊಂದು, ಸೊಂಟಕ್ಕೊಂದು ಆವೃತ್ತಿ ಇದ್ದು, ಅಂಕ 0ಯಿಂದ 48ರವರೆಗೆ ಇರುತ್ತದೆ. ಅಂಕ ಕಡಿಮೆಯಾದಷ್ಟೂ ತೊಂದರೆ ಹೆಚ್ಚು ಎಂದರ್ಥ. ಆಪರೇಷನ್ನಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ರೋಗಿಗಳಿಂದ ಇಂಥ ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುವ ಸರ್ಜನ್, ತಮ್ಮ ಕೆಲಸದ ಫಲವನ್ನು ಅಳೆದು ನೋಡುವ ಅಭ್ಯಾಸವುಳ್ಳವರು ಎಂದು ತಿಳಿಯಬಹುದು.

ಈ ಹಾಳೆ ಏಕೆ ಬೇಕೆಂದರೆ, ಎಕ್ಸ್‌ರೇಯೂ ನೋವೂ ಯಾವಾಗಲೂ ಜೊತೆಜೊತೆಯಾಗಿ ಸಾಗುವುದಿಲ್ಲ. ಚಿತ್ರದಲ್ಲಿ ಮೂಳೆಗೆ ಮೂಳೆ ತಾಗಿದಂತೆ ಕಂಡರೂ ಆರಾಮವಾಗಿ ಓಡಾಡುವವರಿದ್ದಾರೆ. ಸವೆತ ಅಲ್ಪವೇ ಇದ್ದು ನೋವು ವಿಪರೀತವಾಗಿರುವವರೂ ಇದ್ದಾರೆ. ಈ ಎರಡನೆಯ ಗುಂಪಿನವರು ಮಂಡಿ ಬದಲಿಸಿಕೊಂಡ ಮೇಲೂ ಅತೃಪ್ತರಾಗಿ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ಚಿತ್ರವನ್ನಷ್ಟೇ ನೋಡಿ ಆಪರೇಷನ್ ಎನ್ನುವವರ ಬಗ್ಗೆ ಎಚ್ಚರವಿರಲಿ. ವ್ಯಾಯಾಮ, ತೂಕ ಇಳಿಸುವುದು, ಮಾತ್ರೆ, ಊರುಗೋಲು ಇವುಗಳಲ್ಲಿ ಯಾವುದನ್ನು ಎಷ್ಟು ದಿನ ಪ್ರಯತ್ನಿಸಿದ್ದೀರಿ ಎಂದು ಸರ್ಜನ್ ಕೇಳಬೇಕು. ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದರ ತಾರೀಖನ್ನು ತಪ್ಪದೆ ಬರೆದುಕೊಳ್ಳಿ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚುವುದರಿಂದ, ಆ ತಾರೀಖನ್ನು ತಾವಾಗಿಯೇ ವಿಚಾರಿಸುವ ಸರ್ಜನ್ ಕಂಡರೆ ನನಗೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ.

ಎಷ್ಟು ಮಾಡುತ್ತಾರೆ ಎಂಬ ಪ್ರಶ್ನೆ

ಮೂಳೆತಜ್ಞರೆಲ್ಲರೂ ಕೀಲು ಬದಲಿಯಲ್ಲಿ ಪಳಗಿದವರಲ್ಲ. ಮುರಿದ ಮೂಳೆ ಜೋಡಿಸುವವರು, ಬೆನ್ನುಹುರಿಯ ಕೆಲಸ ಮಾಡುವವರು, ಕೈಯ ಕೀಲುಗಳನ್ನಷ್ಟೇ ನೋಡುವವರು ಹೀಗೆ ಒಳಗೊಳಗೇ ಕವಲುಗಳಿವೆ. ಮೂಳೆ ವೈದ್ಯಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ, ಕೀಲು ಬದಲಿಗೆಂದೇ ಆರು ತಿಂಗಳಿಂದ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಒಬ್ಬ ಅನುಭವಿಯ ಕೈಕೆಳಗೆ ಕೆಲಸ ಮಾಡಿದ ಫೆಲೋಶಿಪ್ ಇದೆಯೇ ಎಂದು ನೋಡಿ. ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಪರಿಶೀಲಿಸಲು ಐದು ನಿಮಿಷ ಸಾಕು. ಗೋಡೆಯ ಮೇಲಿನ ಉಳಿದ ಚೌಕಟ್ಟುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡು ದಿನದ ಕಾರ್ಯಾಗಾರದಲ್ಲಿ ಕುಳಿತೆದ್ದದ್ದಕ್ಕೂ ಪ್ರಮಾಣಪತ್ರ ಕೊಡುತ್ತಾರೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಸಂಖ್ಯೆಯದು. “ಡಾಕ್ಟ್ರೇ, ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಜನರಿಗೆ ಈ ಆಪರೇಷನ್ ಮಾಡಿದ್ದೀರಿ?” ಎಂದು ನೇರವಾಗಿ ಕೇಳಿ. ಇಲ್ಲಿಯವರೆಗೆ ಒಟ್ಟು ಎಷ್ಟು ಎಂದು ಕೇಳಿದರೆ ಇಪ್ಪತ್ತು ವರ್ಷದ ಲೆಕ್ಕವೆಲ್ಲ ಸೇರಿ ದೊಡ್ಡದೊಂದು ಅಂಕಿ ಬರುತ್ತದೆ. ಕೈಯ ಅಭ್ಯಾಸ ಈಗಲೂ ಇದೆಯೇ ಎಂದು ತಿಳಿಯಲು ಕಳೆದ ವರ್ಷದ ಅಂಕಿಯೇ ಬೇಕು. ಕೆನಡಾದ ಒಂಟಾರಿಯೋ ಪ್ರಾಂತ್ಯದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಕ್ಕೆ 35ಕ್ಕಿಂತ ಕಡಿಮೆ ಸೊಂಟದ ಕೀಲು ಬದಲಿಸುವ ಸರ್ಜನ್ನರ ರೋಗಿಗಳಲ್ಲಿ ಕೀಲು ಜಾರುವುದೂ ಬೇಗನೆ ಮರುಶಸ್ತ್ರಚಿಕಿತ್ಸೆ ಬೇಕಾಗುವುದೂ ಹೆಚ್ಚೆಂದು ಕಂಡುಬಂದಿತ್ತು. 35 ಎಂಬುದನ್ನು ಗೆರೆ ಕೊರೆದ ಹಾಗೆ ಹಿಡಿದುಕೊಳ್ಳಬೇಕಿಲ್ಲ. ಆದರೆ ತಿಂಗಳಿಗೊಂದು ಮಾಡುವವರಿಗೂ ವಾರಕ್ಕೆ ಎರಡು ಮೂರು ಮಾಡುವವರಿಗೂ ಇರುವ ಅಂತರ ಅದರಿಂದ ಅರ್ಥವಾಗುತ್ತದೆ.

ಕೇಳುವ ಪ್ರಶ್ನೆ ನಿಮಗೆ ಆಗಬೇಕಾದ ಆಪರೇಷನ್ನಿನ ಬಗ್ಗೆಯೇ ಇರಬೇಕು. ವರ್ಷಕ್ಕೆ ಇನ್ನೂರು ಮಂಡಿ ಬದಲಿಸುವವರು ಸೊಂಟದ ಕೀಲನ್ನು ಹತ್ತು ಸಲವೂ ಮುಟ್ಟದೇ ಇರಬಹುದು. ಭುಜದ ಕೀಲು ಬದಲಿ ಇನ್ನೂ ವಿರಳ, ಅದಕ್ಕೆ ಭುಜದ ತಜ್ಞರೇ ಬೇಕು. ಮಂಡಿಯ ಒಂದು ಬದಿಯನ್ನಷ್ಟೇ ಬದಲಿಸುವ ಭಾಗಶಃ ಬದಲಿಯಲ್ಲಂತೂ ಈ ವಿಚಾರ ಬಹಳ ಸೂಕ್ಷ್ಮ. ಬ್ರಿಟನ್ನಿನ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳ ಪ್ರಕಾರ, ತಾವು ಮಾಡುವ ಮಂಡಿ ಬದಲಿಗಳಲ್ಲಿ ಕನಿಷ್ಠ ಐದರಲ್ಲಿ ಒಂದನ್ನಾದರೂ ಭಾಗಶಃ ವಿಧಾನದಲ್ಲಿ ಮಾಡುವ ಸರ್ಜನ್ನರ ಕೈಯಲ್ಲಿ ಅದು ಚೆನ್ನಾಗಿ ಬಾಳುತ್ತದೆ, ಅಪರೂಪಕ್ಕೊಮ್ಮೆ ಮಾಡುವವರ ಕೈಯಲ್ಲಿ ಬೇಗ ಕೈಕೊಡುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದೇ ಎಂದು ಕೊನೆಯವರೆಗೂ ವಾದಿಸಲು ನಾನು ಸಿದ್ಧನಿಲ್ಲ. ಒಂದೇ ದಿನ ಹತ್ತಾರು ಕೀಲು ಬದಲಿಸುವ ಕಡೆ, ಹಿರಿಯ ಸರ್ಜನ್ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡುತ್ತಾ ಮುಖ್ಯ ಹಂತಕ್ಕೆ ಮಾತ್ರ ಬಂದು, ಉಳಿದದ್ದನ್ನು ಕಿರಿಯರು ಮುಗಿಸುವುದುಂಟು. ಕಿರಿಯರು ಕಲಿಯಬೇಕಾದದ್ದೂ ನ್ಯಾಯವೇ. ಎದುರಿಗೆ ನಿಂತು ಕಲಿಸುವ ಹಿರಿಯರಿದ್ದರೆ ರೋಗಿಗೆ ಅದರಿಂದ ಹಾನಿಯಾಗಬೇಕೆಂದೇನೂ ಇಲ್ಲ. ಆದರೆ ಅದು ನಿಮಗೆ ಮೊದಲೇ ತಿಳಿದಿರಬೇಕು. “ಮೂಳೆ ಕತ್ತರಿಸಿ ಕೀಲು ಕೂರಿಸುವವರು ನೀವೇನಾ? ಶುರುವಿನಿಂದ ಕೊನೆಯವರೆಗೆ ನೀವು ಅಲ್ಲೇ ಇರುತ್ತೀರಾ?” ಎಂದು ಕೇಳಲು ಸಂಕೋಚ ಬೇಡ. ಒಪ್ಪಿಗೆ ಪತ್ರದಲ್ಲಿ ಯಾರ ಹೆಸರಿದೆ ಎಂಬುದನ್ನೂ ಓದಿ ನೋಡಿ.

ಪರೀಕ್ಷೆಯ ಕೋಣೆಯಲ್ಲಿ

ಸರ್ಜನ್ ಎಂಥವರು ಎಂಬುದು ಹೆಚ್ಚಾಗಿ ತಿಳಿಯುವುದು ಮೊದಲ ಭೇಟಿಯ ಹದಿನೈದು ನಿಮಿಷದಲ್ಲಿ. ನಮ್ಮ ಚಿಕ್ಕಮ್ಮನಿಗೆ ಎರಡು ವರ್ಷದಿಂದ ಬಲ ಮಂಡಿ ನೋಯುತ್ತಿತ್ತು. ಮೊದಲು ಕಂಡವರು ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಸವೆದಿದೆ, ಬದಲಿಸಬೇಕು” ಎಂದು ಹೇಳಿ, ಸಹಾಯಕರ ಕಡೆ ತಿರುಗಿ ದಿನಾಂಕ ನೋಡಲು ಹೇಳಿದರು. ಚಿಕ್ಕಮ್ಮ ಕುರ್ಚಿಯಿಂದ ಎದ್ದಿದ್ದು ವಾಪಸ್ ಹೊರಡುವಾಗ ಮಾತ್ರ. ಸಮಾಧಾನವಾಗದೆ ಇನ್ನೊಬ್ಬರ ಬಳಿಗೆ ಹೋದೆವು. ಅವರು ಚಿತ್ರದ ಲಕೋಟೆಯನ್ನು ಮೇಜಿನ ಮೇಲೆ ಹಾಗೇ ಇಟ್ಟು, “ಅಮ್ಮಾ, ಬಾಗಿಲ ತನಕ ನಡೆದು ವಾಪಸ್ ಬನ್ನಿ, ನೋಡೋಣ” ಎಂದರು. ನಡಿಗೆಯಲ್ಲಿ ದೇಹ ಬಲಗಡೆಗೆ ವಾಲುವುದನ್ನು ನೋಡಿದರು. ಆಮೇಲೆ ಮಲಗಿಸಿ, ಮಂಡಿಯನ್ನು ಮಡಚಿ ಹಿಡಿದು ಪಾದವನ್ನು ಮೆಲ್ಲನೆ ಹೊರಕ್ಕೂ ಒಳಕ್ಕೂ ತಿರುಗಿಸಿದರು. ಅಂದರೆ ಅವರು ತಿರುಗಿಸುತ್ತಿದ್ದುದು ಮಂಡಿಯನ್ನಲ್ಲ, ಸೊಂಟದ ಕೀಲನ್ನು. ಚಿಕ್ಕಮ್ಮ ಮಂಡಿ ಹಿಡಿದುಕೊಂಡು “ಅಲ್ಲೇ, ಅದೇ ನೋವು” ಎಂದು ಕೂಗಿದರು. ಸೊಂಟದ ಎಕ್ಸ್‌ರೇ ತೆಗೆಸಿದಾಗ ಸವೆತ ಹೆಚ್ಚಾಗಿ ಇದ್ದದ್ದು ಅಲ್ಲಿ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ, ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸ ಸಂಗತಿಯೇನಲ್ಲ. ಆದರೆ ಮುಟ್ಟಿ ನೋಡದವರಿಗೆ ಅದು ಕಾಣುವುದಿಲ್ಲ.

ಹಾಗಾಗಿ ನಿಮ್ಮ ಭೇಟಿಯಲ್ಲಿ ಇಷ್ಟನ್ನು ಗಮನಿಸಿ. ಸರ್ಜನ್ ನಿಮ್ಮನ್ನು ನಡೆಸಿ ನೋಡಿದರೇ? ನೋವಿರುವ ಕೀಲಿನ ಮೇಲಿನ ಕೀಲನ್ನೂ ಬೆನ್ನನ್ನೂ ಪರೀಕ್ಷಿಸಿದರೇ? ಪಾದದ ಮೇಲೆ ಬೆರಳಿಟ್ಟು ನಾಡಿ ಬಡಿತ ನೋಡಿದರೇ? ಮಂಡಿ ಎಷ್ಟು ಮಡಚುತ್ತದೆ, ಪೂರ್ತಿ ನೆಟ್ಟಗಾಗುತ್ತದೆಯೇ ಎಂದು ಅಳೆದರೇ? ಆಪರೇಷನ್ನಿನ ನಂತರ ಮಂಡಿ ಎಷ್ಟು ಮಡಚಬಹುದು ಎಂಬುದು ಬಹುಮಟ್ಟಿಗೆ ಮೊದಲು ಎಷ್ಟು ಮಡಚುತ್ತಿತ್ತು ಎಂಬುದರ ಮೇಲೆ ನಿಂತಿರುವುದರಿಂದ, ಈ ಅಳತೆಯಿಲ್ಲದೆ ಕೊಡುವ ಭರವಸೆಗೆ ಬೆಲೆಯಿಲ್ಲ. ಮಂಡಿಯ ಎಕ್ಸ್‌ರೇಯನ್ನು ನಿಂತ ಭಂಗಿಯಲ್ಲಿ ತೆಗೆಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಮೈಭಾರ ಬೀಳದೆ ಸವೆತ ಕಡಿಮೆಯಿದ್ದಂತೆ ಕಾಣುತ್ತದೆ. ಸವೆತವೇ ಕಾರಣವೆಂದು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಎಂಆರ್‌ಐ ಬೇಕಾಗುವುದಿಲ್ಲ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ. ನೋವಿನಲ್ಲಿರುವವರ ಕಿವಿಗೆ “ಬದಲಿಸಬೇಕು” ಎಂಬ ಮಾತು ಬಿದ್ದ ಮೇಲೆ ಉಳಿದ ಮಾತು ಇಳಿಯುವುದಿಲ್ಲ.

ತೊಡಕುಗಳ ಬಗ್ಗೆ ಕೇಳುವುದು

“ನನ್ನ ಕೈಯಲ್ಲಿ ಇದುವರೆಗೆ ಒಂದೂ ತೊಂದರೆ ಆಗಿಲ್ಲ” ಎನ್ನುವ ಸರ್ಜನ್, ಒಂದೋ ಕಡಿಮೆ ಆಪರೇಷನ್ ಮಾಡಿದ್ದಾರೆ, ಇಲ್ಲವೇ ತಮ್ಮ ರೋಗಿಗಳು ಆಮೇಲೆ ಏನಾದರೆಂದು ವಿಚಾರಿಸಿಲ್ಲ. ಒಳ್ಳೆಯ ಆಸ್ಪತ್ರೆಗಳಲ್ಲೂ ನೂರರಲ್ಲಿ ಒಬ್ಬಿಬ್ಬರಿಗೆ ಕೀಲಿನ ಆಳದಲ್ಲಿ ಸೋಂಕು ತಗಲುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಶ್ವಾಸಕೋಶಕ್ಕೆ ಸರಿದರೆ ಪ್ರಾಣಕ್ಕೆ ಕುತ್ತು. ಮಂಡಿಯ ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಾಗುವುದು ತೀರ ಸಾಮಾನ್ಯ. ಮಂಡಿ ಬದಲಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರ ಹತ್ತಿರಹತ್ತಿರ ಫಲಿತಾಂಶ ತೃಪ್ತಿ ತಂದಿಲ್ಲ ಎಂದು ಹೇಳುತ್ತಾರೆ. ಸೊಂಟದ ಕೀಲಿನಲ್ಲಿ ಅತೃಪ್ತರು ಇದಕ್ಕಿಂತ ಕಡಿಮೆ. ಇದನ್ನೆಲ್ಲ ನೀವು ಕೇಳುವ ಮೊದಲೇ ಹೇಳುವ ಸರ್ಜನ್ನರನ್ನು “ಹೆದರಿಸುತ್ತಾರೆ” ಎಂದು ಬಿಟ್ಟು ಬರುವವರನ್ನು ನೋಡಿದ್ದೇನೆ. ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧವಾದದ್ದು.

ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ: ನಿಮ್ಮ ರೋಗಿಗಳಲ್ಲಿ ಸೋಂಕು ಎಷ್ಟು ಜನಕ್ಕೆ ಆಗಿದೆ, ಆದಾಗ ಏನು ಮಾಡಿದಿರಿ? ಎಷ್ಟು ವರ್ಷದವರೆಗೆ ರೋಗಿಗಳನ್ನು ಮತ್ತೆ ಕರೆಸಿ ನೋಡುತ್ತೀರಿ? ಕೀಲು ಸಡಿಲವಾದರೆ ಅಥವಾ ಕೆಟ್ಟರೆ ಮರುಶಸ್ತ್ರಚಿಕಿತ್ಸೆಯನ್ನು ನೀವೇ ಮಾಡುತ್ತೀರಾ, ಬೇರೆಯವರ ಬಳಿಗೆ ಕಳಿಸುತ್ತೀರಾ? ಬೇರೆಯವರ ಬಳಿಗೆ ಕಳಿಸುತ್ತೇನೆ ಎಂಬುದು ಕೆಟ್ಟ ಉತ್ತರವಲ್ಲ. ಯಾರ ಬಳಿಗೆ ಎಂದು ತಕ್ಷಣ ಹೇಳಲಾಗದಿದ್ದರೆ ಮಾತ್ರ ಯೋಚಿಸಬೇಕು. ಕೆಲವು ದೇಶಗಳಲ್ಲಿ ಇಂಥ ಲೆಕ್ಕವನ್ನು ಸರ್ಜನ್ನರ ನೆನಪಿಗೆ ಬಿಟ್ಟಿಲ್ಲ. ಸ್ವೀಡನ್ 1975ರಲ್ಲಿ ಮಂಡಿಗೂ 1979ರಲ್ಲಿ ಸೊಂಟಕ್ಕೂ, ಕೀಲು ಬದಲಿಗಳನ್ನೂ ಅವುಗಳ ಫಲಿತಾಂಶವನ್ನೂ ದಾಖಲಿಸುವ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ಆಸ್ಟ್ರೇಲಿಯಾದ ನೋಂದಣಿ 1999ರಲ್ಲೂ ಇಂಗ್ಲೆಂಡ್ ಮತ್ತು ವೇಲ್ಸ್‌ನದು 2003ರಲ್ಲೂ ದಾಖಲಿಸತೊಡಗಿದವು. ಇಂಗ್ಲೆಂಡಿನಲ್ಲಿ ಯಾವ ಸರ್ಜನ್ ಎಷ್ಟು ಕೀಲು ಬದಲಿಸಿದ್ದಾರೆಂಬ ವಿವರವನ್ನು ಯಾರು ಬೇಕಾದರೂ ನೋಡಬಹುದು. ನೀವಿರುವ ಕಡೆ ನೋಂದಣಿ ಇದ್ದರೆ, ನಿಮ್ಮ ಸರ್ಜನ್ ಅದಕ್ಕೆ ಮಾಹಿತಿ ಕಳಿಸುತ್ತಾರೆಯೇ ಎಂದು ಕೇಳಿ.

ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದಲೂ ಸರ್ಜನ್ನರನ್ನು ಅಳೆಯಬಹುದು. ಇಂಥ ನೋಂದಣಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82%, ಸೊಂಟದ ಕೀಲುಗಳಲ್ಲಿ ಸುಮಾರು 58% ಇಪ್ಪತ್ತೈದು ವರ್ಷ ಬಾಳುತ್ತವೆ. ಆದರೆ ಇದರಲ್ಲಿ ವಯಸ್ಸಿನ ಪಾತ್ರ ದೊಡ್ಡದು. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಎಪ್ಪತ್ತು ದಾಟಿದ ಮೇಲೆ ಬದಲಿಸಿಕೊಂಡವರಿಗೆ ಜೀವಮಾನದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ 5%ರಷ್ಟಿದ್ದರೆ, ಐವತ್ತರ ಆರಂಭದಲ್ಲೇ ಮಂಡಿ ಬದಲಿಸಿಕೊಂಡ ಗಂಡಸರಲ್ಲಿ ಅದು 35%ರವರೆಗೆ ಇತ್ತು. ಎಲ್ಲರಿಗೂ “ಮೂವತ್ತು ವರ್ಷ ಗ್ಯಾರಂಟಿ” ಎಂದು ಒಂದೇ ಮಾತು ಹೇಳುವವರು ನಿಮ್ಮ ವಯಸ್ಸನ್ನು ಗಣನೆಗೆ ತೆಗೆದುಕೊಂಡಿಲ್ಲ.

ರೋಬೋಟು, ಸಣ್ಣ ಗಾಯ, ಹೊಸ ಲೋಹ

ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಇವೇ. ರೋಬೋಟಿನ ನೆರವಿನಿಂದ ಮೂಳೆ ಕತ್ತರಿಸುವ ನಿಖರತೆ ಹೆಚ್ಚುತ್ತದೆ ಎಂಬುದು ನಿಜ; ಅದರಿಂದ ನೋವು ಕಡಿಮೆಯಾಗಿ ಕೀಲು ಹೆಚ್ಚು ವರ್ಷ ಬಾಳುತ್ತದೆ ಎಂಬುದಕ್ಕೆ ಅಷ್ಟೇ ಗಟ್ಟಿಯಾದ ಆಧಾರ ಇನ್ನೂ ಬಂದಿಲ್ಲ. ಯಂತ್ರವನ್ನು ನಡೆಸುವುದು ಸರ್ಜನ್ನರ ಕೈಯೇ, ರಜ್ಜುಗಳ ಬಿಗಿಯನ್ನು ಎಷ್ಟಕ್ಕೆ ನಿಲ್ಲಿಸಬೇಕೆಂದು ನಿರ್ಧರಿಸುವುದೂ ಅವರೇ. ಯಂತ್ರ ಕೈಕೊಟ್ಟರೆ ಅದಿಲ್ಲದೆ ಮುಗಿಸುವ ಅಭ್ಯಾಸ ಅವರಿಗಿದೆಯೇ ಎಂದು ಕೇಳಿ. ಸೊಂಟದ ಕೀಲನ್ನು ಮುಂಭಾಗದಿಂದ ತೆರೆಯುವ ವಿಧಾನದ ವಿಚಾರವೂ ಹೀಗೆಯೇ. ಮೊದಲ ಕೆಲವು ವಾರ ಚೇತರಿಕೆ ಚುರುಕಾಗಿರುತ್ತದೆ, ಕೆಲವು ತಿಂಗಳ ನಂತರ ಹಿಂಭಾಗದಿಂದ ಮಾಡಿಸಿಕೊಂಡವರಿಗೂ ಇವರಿಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ಆದರೆ ಅದನ್ನು ಕಲಿಯಲು ಸರ್ಜನ್ನರಿಗೆ ಐವತ್ತಕ್ಕೂ ಹೆಚ್ಚು ಆಪರೇಷನ್ ಬೇಕಾಗುತ್ತದೆ, ಆ ಮೊದಲ ಐವತ್ತರಲ್ಲಿ ತೊಡಕುಗಳು ಹೆಚ್ಚು. ಹಾಗಾಗಿ ಅವರಿಗೆ ಪಳಗಿದ ವಿಧಾನ ಯಾವುದೋ ಅದರಲ್ಲೇ ಮಾಡಿಸಿಕೊಳ್ಳಿ. ನೀವು ಎಲ್ಲೋ ಓದಿದ ವಿಧಾನಕ್ಕಾಗಿ ಒತ್ತಾಯಿಸಬೇಡಿ.

ಇಂಪ್ಲಾಂಟಿನ, ಅಂದರೆ ಒಳಗೆ ಹಾಕುವ ಕೃತಕ ಕೀಲಿನ ಬಗ್ಗೆ ಕೇಳಬೇಕಾದದ್ದು ಎರಡೇ ಮಾತು: ಇದನ್ನು ನೀವು ಎಷ್ಟು ವರ್ಷದಿಂದ ಬಳಸುತ್ತಿದ್ದೀರಿ, ಇದಕ್ಕೆ ಹತ್ತು ವರ್ಷದ ದಾಖಲೆ ಇದೆಯೇ? ಬ್ರಿಟನ್ನಿನ ಒಡೆಪ್ ಎಂಬ ತಜ್ಞರ ಸಮಿತಿ ಇಂಪ್ಲಾಂಟುಗಳಿಗೆ ಶ್ರೇಣಿ ಕೊಡುತ್ತದೆ. ಅದರಲ್ಲಿ 10, 13, 15 ಎಂಬ ಅಂಕಿಗಳು ಎಷ್ಟು ವರ್ಷದ ಆಧಾರವಿದೆ ಎಂಬುದನ್ನೂ ಪಕ್ಕದ ಅಕ್ಷರ ಆ ಆಧಾರ ಎಷ್ಟು ಬಲವಾಗಿದೆ ಎಂಬುದನ್ನೂ ಸೂಚಿಸುತ್ತವೆ. ಹೊಸತೆಲ್ಲವೂ ಉತ್ತಮವೆಂದು ನಂಬಿದ್ದಕ್ಕೆ ತೆತ್ತ ಬೆಲೆಯ ಉದಾಹರಣೆ ದೂರದ್ದೇನಲ್ಲ. ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು ತಿರುಗುವ ಸೊಂಟದ ಕೀಲುಗಳನ್ನು ಚಿಕ್ಕ ವಯಸ್ಸಿನವರಿಗೆ, ಚುರುಕಾಗಿ ಓಡಾಡುವವರಿಗೆ ಹೇಳಿ ಮಾಡಿಸಿದ್ದೆಂದು ಹೊಗಳಿ ಹಾಕಿದರು. ಸವೆದ ಲೋಹದ ಕಣಗಳು ಸುತ್ತಲಿನ ಮಾಂಸಖಂಡವನ್ನು ಕೆಡಿಸತೊಡಗಿದವು. ಅಂಥ ಕೀಲುಗಳಲ್ಲಿ ಬಹಳ ಹೆಸರು ಕೆಡಿಸಿಕೊಂಡ ಒಂದನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಅದು ಕೈಕೊಡುತ್ತಿದೆ ಎಂಬುದನ್ನು ತೋರಿಸಿಕೊಟ್ಟದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ನೋಂದಣಿಗಳೇ.

ಬೇಡ ಅಥವಾ ಈಗ ಬೇಡ ಎನ್ನುವ ಸರ್ಜನ್

ಮಧುಮೇಹ ಹತೋಟಿಯಲ್ಲಿಲ್ಲದವರಿಗೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದು 7.5 ಅಥವಾ 8ರ ಕೆಳಗೆ ಇಳಿಯುವವರೆಗೆ ಕಾಯಿರಿ ಎಂದು ಅನೇಕ ಸರ್ಜನ್ನರು ಹೇಳುತ್ತಾರೆ. ಸಿಗರೇಟು ಸೇದುವವರಿಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಡಲು ಹೇಳುತ್ತಾರೆ. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಸೋಂಕು ಇದ್ದರೆ ಮೊದಲು ಅದನ್ನು ವಾಸಿಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ತೂಕ ವಿಪರೀತವಿದ್ದರೆ ಅದರ ಮಾತೂ ಬರುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಔಷಧ ತೆಗೆದುಕೊಳ್ಳುವವರ ವಿಷಯದಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ಆ ರೋಗದ ತಜ್ಞರೊಡನೆ ಮಾತಾಡಿ ನಿರ್ಧರಿಸುತ್ತಾರೆ. ನೋವಿನಿಂದ ಕಂಗಾಲಾದವರಿಗೆ ಈ ಮುಂದೂಡಿಕೆ ಕಿರಿಕಿರಿಯಾಗುತ್ತದೆ, “ಇವರಿಗೆ ಮಾಡುವ ಧೈರ್ಯವಿಲ್ಲ” ಎಂದು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವಂತಾಗುತ್ತದೆ. ಹಾಗೆ ಹೋದರೆ ಅದೇ ವಾರ ಮಾಡಿಕೊಡುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಕೃತಕ ಕೀಲಿಗೆ ಸೋಂಕು ತಗಲಿದರೆ ಮತ್ತೆ ತೆರೆದು ತೊಳೆಯಬೇಕಾಗುತ್ತದೆ, ಎಷ್ಟೋ ಸಲ ಕೀಲನ್ನೇ ಕಿತ್ತು, ವಾರಗಟ್ಟಲೆ ಪ್ರತಿಜೀವಕ ಕೊಟ್ಟು, ಆಮೇಲೆ ಹೊಸದನ್ನು ಹಾಕಬೇಕಾಗುತ್ತದೆ. ಇದನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ಎರಡು ತಿಂಗಳ ಮುಂದೂಡಿಕೆ ದೊಡ್ಡದೆನಿಸುವುದಿಲ್ಲ.

ಎರಡೂ ಮಂಡಿಗಳನ್ನು ಒಂದೇ ದಿನ ಬದಲಿಸುವ ಪ್ರಸ್ತಾಪ ಬಂದರೂ ಇದೇ ದೃಷ್ಟಿಯಿಂದ ನೋಡಿ. ಒಂದೇ ಅರಿವಳಿಕೆ, ಒಂದೇ ಸಲದ ಚೇತರಿಕೆ ಎಂಬುದು ಆಕರ್ಷಕವೇ. ಆದರೆ ಹೃದಯ ಮತ್ತು ಶ್ವಾಸಕೋಶದ ಮೇಲೆ ಬೀಳುವ ಭಾರ ಹೆಚ್ಚು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಅದನ್ನು ಬೇಡವೆನ್ನುವ ಸರ್ಜನ್ನರ ಮಾತು ಕೇಳುವುದು ಲೇಸು.

ಸರ್ಜನ್ ಒಬ್ಬರೇ ಅಲ್ಲ

ಆಪರೇಷನ್ನಿಗೆ ಮುಂಚೆ ಅರಿವಳಿಕೆ ತಜ್ಞರು ನಿಮ್ಮನ್ನು ಬೇರೆಯಾಗಿ ಕಂಡು ಮಾತಾಡುತ್ತಾರೆಯೇ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸುತ್ತಾರೋ ಪೂರ್ತಿ ನಿದ್ದೆ ಬರಿಸುತ್ತಾರೋ, ಹೃದಯದ ತೊಂದರೆ ಇದ್ದರೆ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಅದೇ ದಿನವೋ ಮರುದಿನವೋ ಎಬ್ಬಿಸಿ ನಡೆಸುವ ವ್ಯವಸ್ಥೆ ಇಂದು ಎಲ್ಲೆಡೆ ರೂಢಿಯಲ್ಲಿದೆ. ಫಿಸಿಯೋಥೆರಪಿಸ್ಟ್ ಆಪರೇಷನ್ನಿನ ಮೊದಲೇ ಬಂದು ವ್ಯಾಯಾಮ ಹೇಳಿಕೊಡುತ್ತಾರೆ ಎಂದಾದರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಮೇಲೆ ರಾತ್ರಿ ಹತ್ತು ಗಂಟೆಗೆ ಗಾಯದಿಂದ ನೀರು ಸೋರಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ನಿರ್ದಿಷ್ಟವಾದ ಒಂದು ಸಂಖ್ಯೆ ಬರೆದುಕೊಟ್ಟರೆ ಸರಿ, “ಯಾವಾಗ ಬೇಕಾದರೂ ಬನ್ನಿ” ಎಂಬ ಉತ್ತರ ಸಾಲದು.

ಇತರ ರೋಗಿಗಳ ಮಾತು ಕೇಳುವುದಾದರೆ, ಆಪರೇಷನ್ ಆಗಿ ಒಂದು ವರ್ಷ ಕಳೆದವರನ್ನು ಕೇಳಿ. ಆರು ವಾರದವರನ್ನು ಕೇಳಿದರೆ, ಮಂಡಿಯವರಾದರೆ ನೋವಿನ ಕಥೆ ಹೇಳುತ್ತಾರೆ, ಸೊಂಟದವರಾದರೆ ಪವಾಡದ ಕಥೆ ಹೇಳುತ್ತಾರೆ. ಮಂಡಿ ಪೂರ್ತಿ ಹದಕ್ಕೆ ಬರಲು ಒಂದು ವರ್ಷದವರೆಗೂ ಹಿಡಿಯಬಹುದು. ಅಂತರಜಾಲದ ನಕ್ಷತ್ರಗಳನ್ನು ನಾನು ಸ್ವಾಗತ ಕಕ್ಷೆಯ ನಡವಳಿಕೆಗೆ ಕೊಟ್ಟ ಅಂಕವೆಂದೇ ಓದುತ್ತೇನೆ. ಅದಕ್ಕಿಂತ ನಂಬಬಹುದಾದದ್ದು ಫಿಸಿಯೋಥೆರಪಿಸ್ಟರ ಮಾತು. ಹಲವು ಸರ್ಜನ್ನರ ಕೈಯಿಂದ ಬಂದ ಮಂಡಿಗಳನ್ನು ಅವರು ದಿನವೂ ಮಡಚಿ ನೋಡುತ್ತಿರುತ್ತಾರೆ. “ನಿಮ್ಮ ತಾಯಿಗೇ ಆಗಬೇಕಾದರೆ ಯಾರ ಹತ್ತಿರ ಕಳಿಸುತ್ತೀರಿ?” ಎಂದು ಕೇಳಿದರೆ ಬಹಳ ಸಲ ಒಂದು ಹೆಸರು ಬರುತ್ತದೆ.

ಎರಡನೆಯ ಅಭಿಪ್ರಾಯ ಪಡೆಯುವಾಗ ಮೊದಲನೆಯವರು ಏನು ಹೇಳಿದರೆಂದು ಆರಂಭದಲ್ಲೇ ಹೇಳಬೇಡಿ. ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ಪ್ರತಿಗಳನ್ನಷ್ಟೇ ಕೊಟ್ಟು, ಅವರು ತಾವಾಗಿ ಪರೀಕ್ಷಿಸಿ ಮಾತು ಮುಗಿಸಿದ ಮೇಲೆ ಹೇಳಿ. ಇಬ್ಬರೂ ಒಂದೇ ಮಾತು ಹೇಳಿದರೆ, ನಿಮ್ಮ ಪ್ರಶ್ನೆಗಳಿಗೆ ಹೆಚ್ಚು ತಾಳ್ಮೆಯಿಂದ ಉತ್ತರಿಸಿದವರ ಕಡೆ ಹೋಗಿ. ಬೇರೆ ಬೇರೆ ಹೇಳಿದರೆ, ಏಕೆ ಹಾಗೆ ಅನ್ನಿಸಿತು ಎಂದು ಇಬ್ಬರನ್ನೂ ಕೇಳಿ. ಕಾರಣವನ್ನು ನಿಮ್ಮ ಕಾಲಿನ ಮೇಲೆ, ನಿಮ್ಮ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದವರ ಮಾತಿಗೆ ಹೆಚ್ಚು ತೂಕ ಕೊಡಿ.

ದಿನಾಂಕ ಗೊತ್ತಾದ ಮೇಲೆ ಉಳಿಯುವುದು ಒಂದು ಸಣ್ಣ ಕೆಲಸ. ನಿಮ್ಮೊಳಗೆ ಹಾಕುವ ಪ್ರತಿಯೊಂದು ಭಾಗದ ಪೊಟ್ಟಣದ ಮೇಲೂ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಆಪರೇಷನ್ ಟಿಪ್ಪಣಿಯ ಹಾಳೆಗೆ ಅಂಟಿಸುತ್ತಾರೆ. ಆ ಹಾಳೆಯ ಪ್ರತಿಯೊಂದು ನನಗೂ ಬೇಕೆಂದು ಮೊದಲೇ ಹೇಳಿಟ್ಟು, ಆಸ್ಪತ್ರೆಯಿಂದ ಹೊರಡುವ ದಿನ ಬಿಡುಗಡೆ ಪತ್ರದ ಜೊತೆ ಕೇಳಿ ಪಡೆಯಿರಿ. ಹದಿನೈದು ವರ್ಷದ ನಂತರ ಒಳಗಿನ ಪಾಲಿಎಥಿಲೀನ್ ತಟ್ಟೆಯನ್ನಷ್ಟೇ ಬದಲಿಸಿದರೆ ಸಾಕು ಎಂಬ ಸ್ಥಿತಿ ಬಂದಾಗ, ಯಾವ ಕಂಪನಿಯ ಯಾವ ಅಳತೆಯದು ಎಂದು ಅದೊಂದೇ ಹಾಳೆ ಹೇಳಬಲ್ಲದು. ಅದರ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.